ಮೀಸಲು ಸೋರೆಕಾಯಿ

ಅಶ್ವತ್ಥಮ್ಮ ಮಾಲೂರು ಕಡೆಯಿಂದ ಹೋಳೂರಿನ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದಾಗ ಅವಳಿಗೆ ಗಂಟಿಲ್ಲದಂತೆ ಮುದ್ದೆ ತಿರುವಲೂ ಬರುತ್ತಿರಲಿಲ್ಲ. ಕಲಿಸಿದವಳು ಅತ್ತೆ ದೊಡ್ಡಗಂಗಮ್ಮ. ಬೆರಕೆಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಉಪ್ಪೆಸರು, ಎಲ್ಲವೂ ಅತ್ತೆಯ ಕೈಯಿಂದ ಸೊಸೆಯ ಕೈಗೆ ಬಂದವು. ಅವುಗಳ ಜೊತೆ ಎರಡು ಮಾತೂ ಬಂದವು.

ಒಂದು, "ಸೋರೆಕಾಯಿನ ಬಾಯಿಗಿಟ್ಟು ನೋಡ್ದೆ ಒಲೆ ಮೇಲಿಡಬೇಡ ಕಣೇ. ಕಹಿ ಸೋರೆ ಹಾವಿದ್ದಂಗೆ. ಮೈಬಣ್ಣ ನೋಡಿದ್ರೆ ಗೊತ್ತಾಗಲ್ಲ."

ಇನ್ನೊಂದು, "ಹಿರಿಯರ ಎಡೆಗೆ ಮಾಡಿದ್ದನ್ನ ನಾಲಿಗೆಗೆ ಮುಟ್ಟಿಸಬೇಡ. ಎಂಜಲು ಉಂಡ ಹಿರೀಕರು ಮನೆ ಬಿಟ್ಟು ಹೋಗಲ್ಲ."

ಈ ಎರಡು ಮಾತು ಯಾವತ್ತೂ ಎದುರುಬದುರು ನಿಂತಿರಲಿಲ್ಲ. ಹಿರಿಯರ ಹಬ್ಬಕ್ಕೆ ಆ ಮನೆಯಲ್ಲಿ ಕುಂಬಳಕಾಯಿಯೇ ಆಗುತ್ತಿತ್ತು.

ಲಡಾಯಿ ನಡೆಯುತ್ತಿದ್ದ ಕಾಲ, ಸೀಮೆಎಣ್ಣೆ ಸಿಗದೆ ಊರೆಲ್ಲ ಹೊಂಗೆಣ್ಣೆ ದೀಪಕ್ಕೆ ಮರಳಿದ್ದ ವರ್ಷ. ಮಾಗಿಯ ಚಳಿಯಲ್ಲಿ ದೊಡ್ಡಗಂಗಮ್ಮ ಹಾಸಿಗೆ ಹಿಡಿದಳು. ಒಂದು ದಿನ ಗಂಡ ದೊಡ್ಡವೆಂಕಟಪ್ಪನನ್ನು ಕರೆದು, "ಸೋರೆಕಾಯಿ ಸಾರಲ್ಲಿ ಒಂದು ತುತ್ತು ಉಣ್ಬೇಕು ಅನ್ನಿಸ್ತದೆ" ಎಂದಳು.

"ಸಂತೆಗೆ ಹೋಗ್ತೀನಲ್ಲ, ತತ್ತೀನಿ ಬಿಡು."

ಸಂತೆಯಿಂದ ಹಗ್ಗ ಬಂತು, ಉಪ್ಪು ಬಂತು. ಸೋರೆಕಾಯಿ ಮರೆತುಹೋಗಿತ್ತು. ಮಾರನೆಯ ದಿನ ಬೆಳಕು ಹರಿಯುವಷ್ಟರಲ್ಲಿ ದೊಡ್ಡಗಂಗಮ್ಮ ಇರಲಿಲ್ಲ. ಆಮೇಲೆ ದೊಡ್ಡವೆಂಕಟಪ್ಪ ಸಂತೆಗೆ ಕಾಲಿಡಲಿಲ್ಲ.

ತಿಥಿಯ ಗಲಾಟೆಯಲ್ಲಿ ಅತ್ತೆ ಬಿತ್ತನೆಬೀಜ ತುಂಬಿಡುತ್ತಿದ್ದ ಸೋರೆಬುರುಡೆ ಕೈಜಾರಿ ಒಡೆಯಿತು. ಚೂರುಗಳನ್ನು ಅಶ್ವತ್ಥಮ್ಮನೇ ತಿಪ್ಪೆಗೆ ಎಸೆದಳು. ಮಳೆ ಬಿದ್ದ ಮೇಲೆ ಅದೇ ಜಾಗದಲ್ಲಿ ಒಂದು ಬಳ್ಳಿ ಎದ್ದಿತು. ಯಾರೂ ನೀರು ಹೊಯ್ಯಲಿಲ್ಲ, ಯಾರೂ ಕೋಲು ನೆಡಲಿಲ್ಲ. ತಾನಾಗಿ ಹರಿದು ದನದ ಕೊಟ್ಟಿಗೆಯ ಮೇಲೆ ಹತ್ತಿ, ಮೆಲ್ಲಗೆ ಮನೆಯ ಸೂರಿನ ಕಡೆ ಕೈ ಚಾಚಿತು. ಹೂವು ರಾಶಿ ಬಿಟ್ಟಿತು, ಕಾಯಿ ಕಚ್ಚಿದ್ದು ಮಾತ್ರ ಒಂದೇ.

ದೊಡ್ಡವೆಂಕಟಪ್ಪ ಆ ಕಾಯಿಯ ಕೆಳಗೆ ನಿಂತು ಕಣ್ಣು ಒರೆಸಿಕೊಂಡ. "ಅವಳೇ ಬಂದವ್ಳೆ. ಮೊದಲ ಎಡೆಗೆ ಇದೇ ಆಗಬೇಕು" ಎಂದು ತೊಟ್ಟಿಗೆ ಅರಿಸಿನದ ದಾರ ಕಟ್ಟಿದ. ಅಲ್ಲಿಗೆ ಕಾಯಿ ಮೀಸಲಾಯಿತು. ಮೀಸಲು ಕಟ್ಟಿದ್ದಕ್ಕೆ ಉಗುರು ಸೋಕಿಸುವ ಹಾಗಿಲ್ಲ.

ಅಶ್ವತ್ಥಮ್ಮನ ಎದೆಯಲ್ಲಿ ಮಾತ್ರ ಒಂದು ಮುಳ್ಳು ಮುರಿದಿತ್ತು. ಬುರುಡೆಗೆ ಬಿಡುವ ಕಹಿ ಸೋರೆಯೇ ಬೇರೆ, ಉಣ್ಣುವ ಸೋರೆಯೇ ಬೇರೆ. ಒಡೆದ ಬುರುಡೆಯ ಒಳಗೆ ಅಂಟಿಕೊಂಡಿದ್ದ ಹಳೇ ಬೀಜವೇ ಮೊಳೆತಿದ್ದರೆ? ಹಗ್ಗ ಬಿಚ್ಚಿಕೊಂಡು ಬಂದ ಮೇಕೆ ಒಂದು ದಿನ ಬಳ್ಳಿಯ ಎಲೆ ಕಿತ್ತು, ಅಗಿಯದೆ ಕೆಳಗೆ ಬೀಳಿಸಿ ಹೋದದ್ದನ್ನು ಅವಳು ಕಣ್ಣಾರೆ ನೋಡಿದ್ದಳು.

ಗಂಡ ಕೋದಂಡರಾಮಪ್ಪನಿಗೆ ಹೇಳಿದಳು. "ಏನಂದ್ರೆ, ಆ ಕಾಯಿ ಕುಯ್ದಾಗ ಒಂದು ಚೂರು ಬಾಯಿಗಿಟ್ಟು ನೋಡ್ತೀನಿ."

"ನಿಂಗೇನು ತಲೆ ಕೆಟ್ಟಿದ್ಯಾ? ನಮ್ಮವ್ವನ ಎಡೆಗೆ ಎಂಜಲು ಇಕ್ತೀಯಾ?"

"ನಿಮ್ಮವ್ವನೇ ಹೇಳ್ಕೊಟ್ಟಿದ್ದು."

"ನಮ್ಮವ್ವ ಅದನ್ನೂ ಹೇಳಿದ್ಲು, ಇದನ್ನೂ ಹೇಳಿದ್ಲು. ಸುಮ್ನಿರು."

ಮಹಾಲಯ ಅಮಾವಾಸ್ಯೆ ಬಂತು. ಶ್ರೀನಿವಾಸಪುರಕ್ಕೆ ಕೊಟ್ಟಿದ್ದ ನಾದಿನಿ ವೆಂಕಟರತ್ನಮ್ಮ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹಿಂದಿನ ದಿನವೇ ಬಂದಿದ್ದಳು. ಅಶ್ವತ್ಥಮ್ಮ ತಲೆಗೆ ನೀರು ಹಾಕಿಕೊಂಡು ಈಳಿಗೆ ಮಣೆಯ ಮುಂದೆ ಕೂತಳು. ಸೋರೆಕಾಯಿ ಕರುಕರು ಎಂದು ಹೋಳಾಯಿತು. ಒಳಗೆ ಹಾಲಿನಂಥ ಬಿಳುಪು. ತೊಟ್ಟಿನ ಹತ್ತಿರದ ಒಂದು ಚೂರು ಅವಳ ಬೆರಳಿನಲ್ಲೇ ಉಳಿಯಿತು. ಕೈ ತುಟಿಯ ತನಕ ಹೋಯಿತು.

"ಅತ್ತಿಗೇ!" ಬಾಗಿಲಲ್ಲಿ ವೆಂಕಟರತ್ನಮ್ಮ. "ನಮ್ಮವ್ವ ಉಣ್ಣೋ ತನಕ ತಡ್ಕೊಳ್ಳಕ್ಕೆ ಆಗಲ್ವಾ? ಮಾಲೂರಿನೋರ ನಾಲಿಗೆ ಅಷ್ಟುದ್ದವಾ?"

ಚೂರು ಚಟ್ಟಿಗೆ ಬಿತ್ತು.

ತೊಗರಿಬೇಳೆ ಬೆಂದಿತು. ಹುಣಿಸೆಹುಳಿ, ಅರೆದ ಖಾರ, ಮೇಲೊಂದು ಸಾಸಿವೆ ಒಗ್ಗರಣೆ. ಘಮ ಎಂದಿನಂತೆಯೇ ಇತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಅತ್ತೆಯ ಸೀರೆಯ ಮುಂದೆ ಎಡೆ ಇಟ್ಟು, ಬಾಗಿಲು ಮುಚ್ಚಿ, ತೆಗೆದದ್ದಾಯಿತು. ಮಾಡಿನ ಮೇಲೆ ಕಾಗೆಗೆ ಇಟ್ಟರು. ಕಾಗೆ ಬಂತು, ವಡೆ ಕಚ್ಚಿತು, ಅನ್ನ ಚೆಲ್ಲಾಡಿತು. ಸೋರೆಯ ಹೋಳಿಗೆ ಒಂದು ಸಲ ಕೊಕ್ಕು ತಾಗಿಸಿ, ಕೊಕ್ಕನ್ನು ಹಂಚಿಗೆ ಉಜ್ಜಿ ಉಜ್ಜಿ ಹಾರಿಹೋಯಿತು.

"ಅವಳ ಸಿಟ್ಟು ಇನ್ನೂ ಇಳಿದಿಲ್ಲ" ಎಂದ ದೊಡ್ಡವೆಂಕಟಪ್ಪ. "ನಾನು ಮೊದಲು ಉಣ್ತೀನಿ. ಆಮೇಲೆ ನೀವು ಕೂತ್ಕಳ್ಳಿ."

ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. ಅವನ ದವಡೆ ಅಲ್ಲೇ ನಿಂತಿತು. ಕಣ್ಣಿನಲ್ಲಿ ನೀರು ತುಂಬಿತು. ನುಂಗಿದ. ಇನ್ನೊಂದು ತುತ್ತು ಮುರಿದ.

"ಮಾವಾ, ಕಹಿ ಐತಾ?"

ಹಿರಿಯರ ಎಡೆಯನ್ನು ಕಹಿ ಎನ್ನಬಾರದು, ಉಗುಳಬಾರದು, ಬಿಡಬಾರದು. ಹೋಳುಗಳನ್ನು ಒಂದೊಂದಾಗಿ ತಿಂದ. ಕೊನೆಗೆ ಬಟ್ಟಲೆತ್ತಿ ಸಾರನ್ನು ಕುಡಿದ. "ಅವಳು ಕೇಳ್ದಾಗ ನಾನು ತರ್ಲಿಲ್ಲ. ಈಗ ಅವಳು ಕೊಟ್ಟಿದ್ದನ್ನ ನಾನು ಬಿಡ್ಲಾ?"

ಅಶ್ವತ್ಥಮ್ಮ ಚಟ್ಟಿಗೆ ಕೈ ಹಾಕಿ ಒಂದು ಹೋಳು ಬಾಯಿಗಿಟ್ಟಳು. ಬೇವು ಇದರ ಮುಂದೆ ಬೆಲ್ಲ. ನಾಲಿಗೆ ಸುಟ್ಟ ಹಾಗಾಯಿತು. ಎಡೆಯ ಮುಂದೆಯೇ ಥೂ ಎಂದು ಉಗಿದಳು. "ಯಾರೂ ಮುಟ್ಟಬೇಡಿ! ಮಾವಾ, ಬಾಯಿಗೆ ಬೆರಳು ಹಾಕಿ ಕಕ್ಕಿಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ!"

"ಮುಚ್ಚು ಬಾಯಿ" ಎಂದ ದೊಡ್ಡವೆಂಕಟಪ್ಪ. ಅವಳ ಮೇಲೆ ಅವನು ದನಿಯೆತ್ತಿದ್ದು ಅದೊಂದೇ ಸಲ.

ವೆಂಕಟರತ್ನಮ್ಮನ ಮಕ್ಕಳು ಎಲೆಯ ಮುಂದೆ ಕೂತಾಗಿತ್ತು. ಅಶ್ವತ್ಥಮ್ಮ ಚಟ್ಟಿ ಎತ್ತಿದವಳೇ ಉರಿಯುವ ಒಲೆಗೆ ಬೋರಲು ಹಾಕಿದಳು. ಬೂದಿ ಮಾಳಿಗೆಯವರೆಗೆ ಎದ್ದಿತು. ಕೋದಂಡರಾಮಪ್ಪ ಎದ್ದು ಬಂದು ಎಲ್ಲರ ಮುಂದೆ ಅವಳ ಕೆನ್ನೆಗೆ ಹೊಡೆದ.

ಹೊತ್ತು ಇಳಿಯುವ ಮುಂಚೆಯೇ ದೊಡ್ಡವೆಂಕಟಪ್ಪ ವಾಂತಿ ಮಾಡತೊಡಗಿದ. ಮಜ್ಜಿಗೆ ಕುಡಿಸಿದರು, ನಿಲ್ಲಲಿಲ್ಲ. ಆಮೇಲೆ ವಾಂತಿಯಲ್ಲಿ ರಕ್ತ ಬಂತು. ಗಾಡಿ ಕಟ್ಟಿ ಕೋಲಾರಕ್ಕೆ ಹೊರಟರು. ಅಶ್ವತ್ಥಮ್ಮ ಗಾಡಿಯ ಹಿಂದೆ ಕೆರೆ ಏರಿಯ ತನಕ ನಡೆದಳು. ಮುಂದಕ್ಕೆ ಬರಬೇಡ ಎಂದು ಗಂಡ ಕೈ ಅಡ್ಡ ಹಿಡಿದ. ಮೂರನೆಯ ದಿನ ಗಾಡಿ ಹೆಣ ಹೊತ್ತು ಬಂತು.

ಊರು ತೀರ್ಮಾನ ಮಾಡಿಬಿಟ್ಟಿತು. ಕಾಯಿ ಕೊಂದಿತೆಂದು ಒಬ್ಬರೂ ಹೇಳಲಿಲ್ಲ. ಸೊಸೆ ಎಡೆ ಉಗಿದಳು, ಮಾವ ಹೋದ, ಅಷ್ಟೇ. ಬಾವಿಯ ಹತ್ತಿರ ಅವಳು ಹೋದರೆ ಕೊಡಗಳು ಸರಿಯುತ್ತಿದ್ದವು. ಆ ಚೂರು ತುಟಿಯ ತನಕ ಬಂದೂ ಬಾಯಿಗೆ ಹೋಗದ್ದು ಅವಳಿಗೆ ಗೊತ್ತಿತ್ತು. ಬೆರಳಿನಲ್ಲಿ ಅದರ ತಂಪು ಇನ್ನೂ ಇತ್ತು.

ಮರುವರ್ಷ ಮಳೆಗೆ ತಿಪ್ಪೆಯಲ್ಲಿ ಮತ್ತೆ ಎರಡೆಲೆ ಎದ್ದವು. ಅಶ್ವತ್ಥಮ್ಮ ತವರಿಗೆ, ಬಾಣಂತಿ ತಂಗಿಯ ಆರೈಕೆಗೆ ಹೋಗಿದ್ದಳು. ಬರುವಷ್ಟರಲ್ಲಿ ಬಳ್ಳಿ ಕೊಟ್ಟಿಗೆ ಹತ್ತಿತ್ತು. ಹಬ್ಬಕ್ಕೆ ಬಂದ ವೆಂಕಟರತ್ನಮ್ಮ ಕೈ ಮುಗಿದು ನಿಂತಿದ್ದಳು. "ಅಣ್ಣಾ, ನೋಡು, ಅಪ್ಪ ಬಂದವ್ರೆ."

ಅಶ್ವತ್ಥಮ್ಮ ನೆಟ್ಟಗೆ ತಿಪ್ಪೆಗೆ ಹೋಗಿ ಕುಡಿ ಚಿವುಟಿ ಅಗಿದಳು. ಉಗಿದಳು. ಬಳ್ಳಿಗೆ ಎರಡೂ ಕೈ ಹಾಕಿದಳು.

"ಬಿಡೇ ಲೇ!" ಕೋದಂಡರಾಮಪ್ಪ ಓಡಿ ಬಂದ.

ಅವಳು ಒಂದು ಎಲೆ ಹರಿದು ಅವನ ಬಾಯಿಯ ಹತ್ತಿರ ಹಿಡಿದಳು. "ಅಗೀರಿ. ಆಮೇಲೆ ಹೊಡೀರಿ."

ಅವನು ಎಲೆಯನ್ನು ನೋಡಿದ, ಅವಳನ್ನು ನೋಡಿದ. ಬಾಯಿ ತೆರೆಯಲಿಲ್ಲ. ಬೇರು ಸಮೇತ ಬಳ್ಳಿ ಬಂದಾಗ ಸೂರಿನ ಹಂಚು ಎರಡು ಉದುರಿದವು. ಅದನ್ನು ನೀರೊಲೆಗೆ ತುರುಕಿ ಅವಳು ಒಳಗೆ ಹೋದಳು.

ಹಬ್ಬದ ದಿನ ಎರಡು ಎಡೆ, ಅತ್ತೆಯದೊಂದು, ಮಾವನದೊಂದು. ಇಡುವ ಮೊದಲು ಅಶ್ವತ್ಥಮ್ಮ ಎಲ್ಲರೆದುರೇ ಒಂದೊಂದು ಚಟ್ಟಿಯಿಂದಲೂ ಬೆರಳಿಗೆ ಅಂಟುವಷ್ಟು ತೆಗೆದು ನಾಲಿಗೆಗೆ ಇಟ್ಟಳು. ತಡೆಯಲು ಯಾರೂ ಎದ್ದು ಬರಲಿಲ್ಲ. ಅಷ್ಟು ಹೊತ್ತೂ ಎಲ್ಲರ ಕಣ್ಣು ಅವಳ ಮುಖದ ಮೇಲೆಯೇ ಇತ್ತು.

ಎಲೆ ಹಾಕಿದ ಮೇಲೂ ವೆಂಕಟರತ್ನಮ್ಮ ಚಿಕ್ಕ ಮಗನ ಕೈ ಹಿಡಿದೇ ಇದ್ದಳು. ಮೆಲ್ಲನೆ ದೊಡ್ಡವನನ್ನು ಕೇಳಿದಳು:

"ನಿಮ್ಮತ್ತೆ ನುಂಗಿದ್ಲೇನೋ? ಸರಿಯಾಗಿ ನೋಡಿದ್ಯಾ?"