ದುರ್ಬೀನಿಗೆ ಕಾಣದ ವ್ಯತ್ಯಾಸ

ಕಚೇರಿಯಲ್ಲಿ ಎಲ್ಲರೂ ಅವನನ್ನು ದುರ್ಬೀನು ಎಂದೇ ಕರೆಯುತ್ತಿದ್ದರು. ನನಗೆ ಭಾವ, ಹೆಂಡತಿಯ ಅಣ್ಣ. ಅಲ್ಲಿ ನನಗೆ ಕೆಲಸ ಕೊಡಿಸಿದವನೂ ಅವನೇ. ಅದನ್ನು ಒಮ್ಮೆಯಾದರೂ ಆಡಿ ತೋರಿಸಬಾರದೇ? ತೋರಿಸಲಿಲ್ಲ. ಅದೇ ನನ್ನ ಮೈ ಉರಿಸುತ್ತಿತ್ತು.

ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ. ಸರ್ಕ್ಯೂಟ್ ಬೋರ್ಡಿನ ಹಳೆಯ ನಕ್ಷೆಯನ್ನು ಕೆಂಪಿನಲ್ಲಿ, ತಿದ್ದಿದ ಹೊಸ ನಕ್ಷೆಯನ್ನು ನೀಲಿಯಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಅಚ್ಚು ಹಾಕಿಸಿ, ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಡುವುದು. ಎರಡೂ ಕೂಡಿದ ಕಡೆ ಗೆರೆ ಕಪ್ಪು. ಎಲ್ಲಾದರೂ ಕೆಂಪೋ ನೀಲಿಯೋ ಇಣುಕಿದರೆ ಅಲ್ಲಿ ಏನೋ ಬದಲಾಗಿದೆ ಎಂದರ್ಥ. ಕೂದಲೆಳೆಯಷ್ಟು ಸರಿದ ಗೆರೆಯನ್ನೂ ಅವನು ಬಿಟ್ಟವನಲ್ಲ. ಹೊಗಳಿದರೆ, "ಅಯ್ಯೋ ಬಿಡ್ರಿ, ದೇವರು ಕೊಟ್ಟ ಕಣ್ಣು, ನಂದೇನಿದೆ" ಎನ್ನುತ್ತಿದ್ದ. ಆ ದಿನ ಮಾತ್ರ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

ಆಮೇಲೆ ಅದೇ ಕೆಲಸವನ್ನು ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಸುವ ಪ್ರೋಗ್ರಾಂ ಬಂತು. ಅದನ್ನು ನಡೆಸಲು ನಮ್ಮಿಬ್ಬರಲ್ಲಿ ಒಬ್ಬ ಸಾಕು. ಮ್ಯಾನೇಜರು ನನ್ನನ್ನು ಒಳಗೆ ಕರೆದರು. "ನಿಮ್ಮ ಭಾವನ್ನ ಸುಮ್ನೆ ಕಳಿಸಿದ್ರೆ ಹಳಬರೆಲ್ಲ ತಿರುಗಿ ಬೀಳ್ತಾರೆ. ತಾನಾಗೇ ಎದ್ದು ಹೋಗ್ಬೇಕು. ಒಂದೇ ನಕ್ಷೇನ ಕೆಂಪಲ್ಲೊಂದು, ನೀಲೀಲೊಂದು ಅಚ್ಚು ತೆಗೀರಿ."

ತೆಗೆದೆ. ಯಾಕೆ ಎಂದು ಕೇಳುವಷ್ಟು ದಡ್ಡ ನಾನಲ್ಲ.

ಬೆಳಗ್ಗೆ ಮ್ಯಾನೇಜರು ಆ ಹಾಳೆಗಳನ್ನು ಅವನ ಮುಂದಿಟ್ಟು, "ಪ್ರೋಗ್ರಾಂ ಇದರಲ್ಲೊಂದು ವ್ಯತ್ಯಾಸ ಹಿಡಿದಿದೆ. ನೀವೂ ಹಿಡೀರಿ, ನೋಡೋಣ" ಎಂದರು. ಭಾವ ನಕ್ಕ. ಊಟದ ಹೊತ್ತಿಗೆ ನಗು ಇಳಿದಿತ್ತು. ಎಲ್ಲಿ ನೋಡಿದರೂ ಕಪ್ಪೇ.

"ಏನ್ರೀ, ಎರಡೂ ಒಂದೇ ಥರ ಇದೆಯಲ್ಲ?" ಎಂದು ಮೆಲ್ಲಗೆ ನನ್ನನ್ನು ಕೇಳಿದ.

"ಪ್ರೋಗ್ರಾಂ ಸುಳ್ಳು ಹೇಳುತ್ತಾ ಭಾವ? ಇನ್ನೊಂದ್ಸಲ ನೋಡಿ."

ಸಂಜೆಯ ಹೊತ್ತಿಗೆ ಅವನ ಮೊಣಕೈ ತಾಗಿ ಮೇಲಿನ ಹಾಳೆ ಚೂರು ಜರುಗಿತು. ಗೆರೆಗಳ ಅಂಚಿನಲ್ಲಿ ನೀಲಿ ಕಂಡಿತು. ಹಾಳೆ ಜರುಗಿದರೆ ಹಾಗೆ ಕಾಣುತ್ತದೆ, ಮೋಸ ಹೋಗಬೇಡಿ ಎಂದು ನನಗೆ ಕಲಿಸಿದವನೇ ಅವನು. ಆದರೂ ಒಂದು ಗೆರೆಗೆ ಪೆನ್ಸಿಲಿನಿಂದ ಸುತ್ತು ಹಾಕಿ, "ಸಿಕ್ತು! ಸಿಕ್ತು ಕಣ್ರೀ!" ಎಂದು ಕೂಗಿದ.

ಮ್ಯಾನೇಜರು ಬಗ್ಗಿ ನೋಡಿ, ಎಲ್ಲರಿಗೂ ಕೇಳಿಸುವಂತೆ, "ಇದಲ್ಲವಲ್ಲ. ಪಾಪ, ವಯಸ್ಸಾಯ್ತು" ಎಂದರು. ಮರುದಿನ ಭಾವ ತಾನೇ ರಾಜೀನಾಮೆ ಬರೆದುಕೊಟ್ಟ. ಅವನ ಕುರ್ಚಿ ಈಗ ನನ್ನದು. ಬೆನ್ನಿಗೆ ಹಿತವಾಗಿದೆ.

ಇಬ್ಬರು ಡಾಕ್ಟರು ಕಣ್ಣು ಸರಿಯಾಗಿದೆ ಎಂದರೂ ಅವನು ನಂಬಲಿಲ್ಲ. ಬಸ್ಸಿನ ನಂಬರನ್ನೂ ಅವರಿವರನ್ನು ಕೇಳುತ್ತಾನೆ. ನನ್ನ ಹೆಂಡತಿ, "ನಮ್ಮಣ್ಣಂಗೆ ಯಾರ ಕಣ್ಣು ಬಿತ್ತೋ" ಎಂದು ಅಳುತ್ತಾಳೆ. ನನಗಂತೂ ಅವನನ್ನು ಕಂಡರೆ ರೇಗುತ್ತದೆ. ಥೂ, ತನ್ನ ಕಣ್ಣನ್ನೇ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟನಲ್ಲ!

ಮೊನ್ನೆ ಮನೆಗೆ ಬಂದಿದ್ದ. ತಂಗಿ ಒಳಗೆ ಹೋಗುವವರೆಗೂ ಕಾದಿದ್ದು, "ಬೇಜಾರು ಮಾಡ್ಕೋಬೇಡಿ, ಒಂದೇ ಒಂದು ಹೇಳಿ. ಆವತ್ತು ಅದು ಎಲ್ಲಿತ್ತು?" ಎಂದು ಕೇಳಿದ.

"ಎಡಗಡೆ ಮೇಲಿನ ಮೂಲೇಲಿ, ಭಾವ. ಒಂದು ತೂತು ಹೆಚ್ಚಿತ್ತು."

"ತೂತಾ!" ಎಂದು ಹಣೆ ಚಚ್ಚಿಕೊಂಡ. "ಆ ಮೂಲೇನ ನಾಲ್ಕು ಸಲ ನೋಡಿದ್ದೆ ಕಣ್ರೀ."