ಕುದುರೆ ಹಗುರ ಮಾಡುವ ಚಾಚಾ

ಅವರ ಬಲಗೈಯ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಎಣ್ಣೆ ಹಚ್ಚಿದ ಸಾಣೆಕಲ್ಲಿನ ಮೇಲೆ ಉಕ್ಕಿನ ಚೂರುಗಳನ್ನು ಒತ್ತಿ ಒತ್ತಿ ಆ ಬೆರಳ ತುದಿ ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಯಾವ ಲೋಹದ ತುಣುಕು ಕೈಗೆ ಬಂದರೂ, ಕನ್ನಡಕ ಹುಡುಕುವ ಮೊದಲು ಆ ಬೆರಳನ್ನು ಅದರ ಮೇಲೆ ಒಮ್ಮೆ ಸವರುತ್ತಿದ್ದರು. "ಕಣ್ಣಿಗೆ ವಯಸ್ಸಾಗೇತಿ. ಇದಕ್ಕಿನ್ನೂ ಆಗಿಲ್ಲ," ಎನ್ನುತ್ತಿದ್ದರು.

ದಾಂಡೇಲಿ ಪೇಟೆಯ ಹಿಂದಿನ ಓಣಿಯಲ್ಲಿ ಅವರ ಅಂಗಡಿ. ಬಂದೂಕು ದುರಸ್ತಿಯ ಪರವಾನಗಿ ತಂದೆಯ ಕಾಲದಿಂದ ಬಂದದ್ದು. ಜೋಯಿಡಾ, ಹಳಿಯಾಳದ ಹಳ್ಳಿಗಳಿಂದ ರೈತರು ಬೆಳೆ ಕಾಯುವ ಬಂದೂಕುಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ತರುತ್ತಿದ್ದರು. ಬಂದೂಕು ಬಾರದ ದಿನ ಹೊಲಿಗೆ ಯಂತ್ರದ ರಿಪೇರಿ. ಓಣಿಯೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು. ನಾನೂ ಹಾಗೆಯೇ ಕರೆದೆ.

ನಾನು ಹಳಿಯಾಳದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿ. ಕಾಲೇಜಿನ ಎನ್‌ಸಿಸಿಯಲ್ಲಿ ಹತ್ತಿದ ಗುರಿ ಹೊಡೆಯುವ ಹುಚ್ಚು ನೌಕರಿ ಸಿಕ್ಕ ಮೇಲೂ ಬಿಡಲಿಲ್ಲ. ಲೈಸೆನ್ಸಿಗಾಗಿ ಎರಡು ವರ್ಷ ಓಡಾಡಿ, ನಿವೃತ್ತ ಕ್ರೀಡಾಪಟುವೊಬ್ಬರಿಂದ ಹಳೆಯ ಪಾಯಿಂಟ್ ಟೂ ಟೂ ರೈಫಲ್ಲೊಂದನ್ನು ಕೊಂಡಿದ್ದೆ. ನಳಿಕೆ ಚೆನ್ನಾಗಿತ್ತು, ಟ್ರಿಗರ್ ಮಾತ್ರ ಕಲ್ಲು. ಎಳೆಯುವಷ್ಟರಲ್ಲಿ ಗುರಿ ಅಲುಗುತ್ತಿತ್ತು. ಹೊರದೇಶದ ಹೊಸ ಟ್ರಿಗರಿಗೆ ನನ್ನ ರೈಫಲ್ಲಿಗಿಂತ ಹೆಚ್ಚು ಬೆಲೆ. ಯಾರೋ ಚಾಚಾನ ಹೆಸರು ಹೇಳಿದರು.

ಟ್ರಿಗರಿಗೆ ಅವರು ಕುದುರೆ ಎನ್ನುತ್ತಿದ್ದರು. ಮೊದಲ ದಿನ ಖಾಲಿ ರೈಫಲ್ಲಿನ ಕುದುರೆ ಎಳೆದು ನೋಡಿ, "ಯಾಕ ಬೇಟಿ, ಇದು ರೈಫಲ್ಲೋ, ಬಾವಿ ರಾಟಿಯೋ?" ಎಂದು ನಕ್ಕರು.

"ಹೊಸಾದು ಹಾಕಸಾಕ ನನ್ನಿಂದ ಆಗೂದಿಲ್ಲರೀ ಚಾಚಾ."

"ಹೊಸಾದು ಯಾಕ ಬೇಕು? ಉಕ್ಕು ಚಲೋ ಐತಿ. ಮಾಡಿದವರು ಅವಸರ ಮಾಡ್ಯಾರ, ಅಷ್ಟ. ಅವರು ಬಿಟ್ಟ ಕೆಲಸ ನಾವು ಮುಗಸೂಣು."

ಎಳೆತ ಅಳೆಯಲು ಅವರ ಬಳಿ ಯಾವ ಸಾಧನವೂ ಇರಲಿಲ್ಲ. ಸರಿಗೆಯ ಕೊಕ್ಕೆಯೊಂದನ್ನು ಕುದುರೆಗೆ ಸಿಕ್ಕಿಸಿ, ಅದಕ್ಕೆ ದೊಡ್ಡ ಪ್ಲಾಸ್ಟಿಕ್ ಬಾಟಲಿ ಕಟ್ಟಿ, ರೈಫಲನ್ನು ನೆಟ್ಟಗೆ ಹಿಡಿದು ನಿಂತರು. ನಾನು ಲೋಟದಿಂದ ಸ್ವಲ್ಪಸ್ವಲ್ಪವೇ ನೀರು ಹೊಯ್ಯಬೇಕು. ಬಾಟಲಿ ಕುತ್ತಿಗೆಯವರೆಗೆ ತುಂಬಿದ ಮೇಲೆ ಟಕ್ಕೆಂದಿತು. ಅಲ್ಲೊಂದು ಗೆರೆ ಎಳೆದರು. ನಡುವೆ ಇನ್ನೊಂದು ಗೆರೆ ಎಳೆದು, "ಇಲ್ಲಿ ತನಕ ಇಳಸ್ತೇನಿ. ಇದರ ಕೆಳಗ ಇಲ್ಲ," ಎಂದರು.

ಇನ್ನೂ ಹಗುರವಾದರೆ ಒಳ್ಳೆಯದಲ್ಲವೇ ಎಂದು ನಾನು ಕೇಳಿದೆ. ಅವರ ನಗು ನಿಂತಿತು. ಹಿಂದೊಮ್ಮೆ ಗಿರಾಕಿಯೊಬ್ಬನ ಒತ್ತಾಯಕ್ಕೆ ಕುದುರೆಯನ್ನು ಬಹಳ ಹಗುರ ಮಾಡಿಕೊಟ್ಟಿದ್ದರಂತೆ. ಗೋಡೆಗೆ ಒರಗಿಸಿಟ್ಟ ಬಂದೂಕು ಜಾರಿ ಬಿದ್ದು ತಾನೇ ಹಾರಿತು. ಕೊಟ್ಟಿಗೆಯಲ್ಲಿದ್ದ ಎಮ್ಮೆ ಸತ್ತಿತು. "ಎಮ್ಮಿ ಹೋತು ಅಂತ ಅವ ಅತ್ತ. ಬಾಜೂಕ ಅವನ ಕೂಸು ಮಲಗಿತ್ತು ಅಂತ ನಾ ಅತ್ತೆ," ಎಂದರು. ಆಮೇಲೆ ಅವರ ಕೈಯಿಂದ ಹೊರಡುವ ಪ್ರತಿಯೊಂದು ಬಂದೂಕಿಗೂ ಒಂದು ಪರೀಕ್ಷೆ: ಖಾಲಿ ಇರುವಾಗಲೇ ಹಿಡಿಯ ಮೇಲೆ ಮರದ ಸುತ್ತಿಗೆಯಿಂದ ಬಲವಾಗಿ ಬಡಿಯುವುದು. ಆಗ ಟಕ್ಕೆಂದರೆ ಮೊದಲಿನಿಂದ ಶುರು.

ಕುದುರೆ ಎಳೆದಾಗ ಒಳಗೆ ಎರಡು ಉಕ್ಕಿನ ತುಣುಕುಗಳು ಒಂದರ ಮೇಲಿಂದ ಒಂದು ಜಾರಬೇಕು. ಆ ಜಾರುವ ಜಾಗ ಒರಟಾಗಿತ್ತು. ಅದನ್ನು ಅವರು ದಿನಕ್ಕೆ ಹತ್ತಿಪ್ಪತ್ತು ಸಲ ಮಾತ್ರ ಕಲ್ಲಿಗೆ ತಿಕ್ಕುತ್ತಿದ್ದರು. ತಿಕ್ಕಿ, ಒರೆಸಿ, ಬೆರಳಿಂದ ಸವರಿ, ಜೋಡಿಸಿ, ನೀರು ಹೊಯ್ಸಿ, ಮತ್ತೆ ಬಿಚ್ಚುತ್ತಿದ್ದರು. "ಕಲ್ಲು ಒಂದ ಸಲ ಹೆಚ್ಚಿಗಿ ಎಳದ್ರ ಉಕ್ಕು ವಾಪಸ್ ಬರೂದಿಲ್ಲ ಬೇಟಿ. ದೇವರು ಕೇಳಿದ್ರೂ ಬರೂದಿಲ್ಲ."

ಭಾನುವಾರಗಳಂದು ನಾನು ಬಸ್ಸು ಹಿಡಿದು ಹೋಗಿ ಕೂರುತ್ತಿದ್ದೆ. ನೀರಿನ ಗೆರೆ ನಾಲ್ಕು ಬೆರಳು ಇಳಿದಿತ್ತು. ಅಷ್ಟರಲ್ಲಿ ರಾಜ್ಯ ತಂಡದ ಆಯ್ಕೆಯ ದಿನ ಗೊತ್ತಾಯಿತು. ವಯಸ್ಸಿನ ಲೆಕ್ಕದಲ್ಲಿ ನನಗದು ಬಹುಶಃ ಕೊನೆಯ ಅವಕಾಶ. ಒಂದು ಸಂಜೆ ತಡೆಯಲಾರದೆ ಫೋನ್ ಮಾಡಿದೆ.

"ಚಾಚಾ, ಹದಿನೈದ ದಿನಾ ಉಳದಾವ್ರೀ. ಅದರಾಗ ನಾ ಕೈ ಕೂಡಸಬೇಕು. ಒಂದೀಟು ಲಗೂನ ಮಾಡ್ರಿ."

"ಆತು ಬೇಟಿ. ಆಗತೈತಿ," ಎಂದರು.

ಮರುದಿನ ಮಧ್ಯಾಹ್ನ ಪಕ್ಕದ ಸೈಕಲ್ ಅಂಗಡಿಯವರಿಂದ ಫೋನ್ ಬಂತು. ಚಾಚಾ ಕೆಲಸದ ಮೇಜಿನ ಮೇಲೆಯೇ ಕುಸಿದಿದ್ದರು. ಲಕ್ವ ಹೊಡೆದಿತ್ತು.

ನಾಲ್ಕು ದಿನದ ಮೇಲೆ ಆಸ್ಪತ್ರೆಯಿಂದ ಮನೆಗೆ ತಂದಾಗ ಅವರ ಬಲಭಾಗ ಸತ್ತಂತಾಗಿತ್ತು. ಮಾತು ಹೋಗಿತ್ತು. ನನ್ನನ್ನು ಕಂಡೊಡನೆ ಏನೋ ಹೇಳಲು ಶುರು ಮಾಡಿದರು. ಗಂಟಲಿನಿಂದ ಬರುವ ಒಂದೇ ಸ್ವರ. ಅದು ನನ್ನ ರೈಫಲ್ಲಿನ ವಿಷಯವೆಂದು ನನಗೂ ಅವರ ಹೆಂಡತಿ ಚಾಚಿಗೂ ಗೊತ್ತಾಯಿತು. ಏನೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಚಾಚಿ ಬಾಯಿ ಒರೆಸುತ್ತ, "ಸುಮ್ಮನಿರ್ರಿ, ಆಮ್ಯಾಲೆ ಹೇಳೀರಂತ," ಎಂದಳು. ಅವರು ಎಡಗೈಯಿಂದ ಹಾಸಿಗೆಗೆ ಗುದ್ದಿಕೊಂಡರು.

ನಾನು ಮೂರ್ನಾಲ್ಕು ಸಲ ಹೋದೆ. ಒಮ್ಮೆ ಅವರು ನನ್ನ ತೋರುಬೆರಳನ್ನು ಹಿಡಿದು ತಮ್ಮ ಎಡ ಅಂಗೈಗೆ ಒತ್ತಿಕೊಂಡರು. ಎಳೆ ಎಂಬಂತೆ ಕಣ್ಣು ಮಾಡಿದರು. ನಾನು ಬೆರಳು ಮಡಚಿದೆ. ತಲೆ ಅಲ್ಲಾಡಿಸಿದರು. ಮತ್ತೆ ಮಡಚಿದೆ, ಇನ್ನೂ ನಿಧಾನವಾಗಿ. ಮತ್ತೆ ತಲೆ ಅಲ್ಲಾಡಿಸಿದರು. ಕುದುರೆಯನ್ನು ಹಗುರ ಮಾಡಲಾಗದವರು ನನ್ನ ಬೆರಳನ್ನಾದರೂ ಹಗುರ ಮಾಡಲು ಹೊರಟಿದ್ದರು. ಅರ್ಧ ತಾಸಿನ ಮೇಲೆ ಒಮ್ಮೆ ಕಣ್ಣು ಮುಚ್ಚಿದರು. ಅದು ಒಪ್ಪಿಗೆಯೋ ದಣಿವೋ, ಹೇಳಲಾರೆ.

ಅಷ್ಟರಲ್ಲಿ, ಪರವಾನಗಿ ಇದ್ದವರೇ ಹಾಸಿಗೆ ಹಿಡಿದಿದ್ದರಿಂದ, ಅಂಗಡಿಯಲ್ಲಿದ್ದ ಬಂದೂಕುಗಳೆಲ್ಲ ನಿಯಮದ ಪ್ರಕಾರ ಪೊಲೀಸರ ವಶಕ್ಕೆ ಹೋಗಿದ್ದವು. ನನ್ನ ರೈಫಲ್ಲೂ, ಅದರ ಬಿಚ್ಚಿದ ತುಣುಕುಗಳಿದ್ದ ತಗಡಿನ ಡಬ್ಬಿಯೂ. ಬಿಡಿಸಿಕೊಳ್ಳಲು ಅಂಗಡಿಯವರ ಒಪ್ಪಿಗೆಯ ಅರ್ಜಿ ಬೇಕಿತ್ತು. ಸಹಿ ಮಾಡುವ ಕೈ ಏಳುತ್ತಿರಲಿಲ್ಲ, ಹೆಬ್ಬೆಟ್ಟು ಸಾಕು ಎಂದರು ಪೊಲೀಸರು. ಆಟೋದಲ್ಲಿ ಅವರನ್ನು ಕೂರಿಸಿಕೊಂಡು ಅರ್ಜಿ ತುಂಬುವ ಕೇಂದ್ರಕ್ಕೆ ಹೋದೆವು. ಅಲ್ಲಿದ್ದ ಹುಡುಗಿ ಒಳ್ಳೆಯವಳು. ಚಾಚಾನ ಬೆರಳನ್ನು ಒರೆಸಿ ಯಂತ್ರದ ಗಾಜಿನ ಮೇಲಿಟ್ಟಳು. ಕೆಂಪು ದೀಪ. ಎಣ್ಣೆ ಹಚ್ಚಿ ಇಟ್ಟಳು. ಕೆಂಪು ದೀಪ. ಎಡಗೈ, ಬಲಗೈ, ಹತ್ತೂ ಬೆರಳು ಮುಗಿದವು; ಸಾಣೆಕಲ್ಲು ಒಂದನ್ನೂ ಬಿಟ್ಟಿರಲಿಲ್ಲ.

"ಇವರ ಬೆರಳ ಗುರುತಽ ಇಲ್ಲರೀ ಅಕ್ಕಾರ," ಎಂದಳು, ತನ್ನದೇ ತಪ್ಪೆಂಬಂತೆ.

ಚಾಚಾ ತಮ್ಮ ಹೆಬ್ಬೆರಳನ್ನೇ ನೋಡಿದರು. ಬಾಯಿಯ ಒಂದೇ ಬದಿಯಲ್ಲಿ ನಗು ಬಂತು. ಇನ್ನೊಂದು ಬದಿಗೆ ಅದು ಹೋಗಲೇ ಇಲ್ಲ. ಅವರನ್ನು ಅಲ್ಲಿಗೆ ಕರೆದೊಯ್ದವಳು ನಾನು. ಆ ನಗುವಿಗೆ ನಾನೇ ಕಾರಣ ಅನ್ನಿಸಿತು.

ಅರ್ಜಿ ಅಲ್ಲಿಗೇ ನಿಂತಿತು; ಆಯ್ಕೆಗೆ ಯಾರದೋ ರೈಫಲ್ ಹಿಡಿದು ಹೋದೆ. ಅದರ ಕುದುರೆ ಎಷ್ಟು ಹಗುರವಿತ್ತೆಂದರೆ, ನಾನು ಸಿದ್ಧಳಾಗುವ ಮೊದಲೇ ಎರಡು ಗುಂಡು ಹಾರಿದವು. ಆಯ್ಕೆಯಾಗಲಿಲ್ಲ. ಬಂದು ಹೇಳಿದಾಗ ಚಾಚಾ ಮುಖ ಗೋಡೆಯ ಕಡೆ ತಿರುಗಿಸಿದರು.

ಮಳೆ ಕಡಿಮೆಯಾಗುವ ಹೊತ್ತಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಆ ಸಲ ಆಸ್ಪತ್ರೆ ಮುಟ್ಟಲಿಲ್ಲ. ನಾನು ತಲುಪುವಷ್ಟರಲ್ಲಿ ಗಂಡಸರು ಅವರನ್ನು ಹೊತ್ತುಕೊಂಡು ಓಣಿಯ ತುದಿ ದಾಟಿದ್ದರು.

ರೈಫಲ್ ನನ್ನ ಕೈಗೆ ಬಂದದ್ದು ಮತ್ತೆ ಕೆಲವು ತಿಂಗಳ ಮೇಲೆ. ಹುಬ್ಬಳ್ಳಿಯ ರಿಪೇರಿಯವರೊಬ್ಬರು ಡಬ್ಬಿಯ ತುಣುಕನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಕೈ ಅಂದ್ರ ಕೈರೀ ಇದು. ಆದ್ರ ನಾ ಮುಟ್ಟೂದಿಲ್ಲ. ಎಲ್ಲಿಗೆ ನಿಲ್ಲಸಬೇಕಂತ ಮಾಡಿದ್ರೋ ಅವರಿಗಷ್ಟ ಗೊತ್ತು," ಎಂದು, ಬೇರೆ ಹಳೆಯ ತುಣುಕೊಂದನ್ನು ಕೂರಿಸಿಕೊಟ್ಟರು. ಕುದುರೆ ಮತ್ತೆ ಮೊದಲಿನಷ್ಟೇ ಬಿಗಿ.

ರೈಫಲ್ ಬಂದ ವಿಷಯ ಹೇಳಲು ಚಾಚಿಯ ಬಳಿ ಹೋದೆ. ಆಕೆ ಒಲೆಯ ಮುಂದೆ ಕೂತಿದ್ದಳು. ಮಾತಿಗೆ ಮಾತು ಬಂದು ಚಾಚಾ ಕುಸಿದ ದಿನದ ಸುದ್ದಿ ತೆಗೆದಳು.

"ಅವತ್ತ ಮುಂಜಾನೆ ನಾಷ್ಟಾನೂ ಮಾಡಲಿಲ್ಲ. ಬಿಪಿ ಗುಳಿಗಿ ಕೈಯಾಗ ಹಿಡದು ಬಾಗಲತನ ಹೋದೆ. ಬಂದ್ಮ್ಯಾಲ ತಗೋತೇನಿ, ಮೊದಲ ಆ ಹುಡುಗೀದು ಮುಗಸ್ತೇನಿ ಅಂದ್ರು. ಹಿಂದಿನ ದಿನಾ ಯಾರದೋ ಫೋನ್ ಬಂದಿತ್ತು. ಅದಕ್ಕ ಅವಸರ."

ಹೇಳದೆ ಎದ್ದು ಬರಬಹುದಿತ್ತು. "ಫೋನ್ ಮಾಡಿದಾಕಿ ನಾನಽ ಚಾಚಿ," ಎಂದೆ.

ಚಾಚಿ ಒಲೆಯಿಂದ ಪಾತ್ರೆ ಇಳಿಸಿ, ಕಪ್ಪಿಗೆ ಬಗ್ಗಿಸಿ ನನ್ನ ಮುಂದಿಟ್ಟಳು.

"ಗೊತ್ತೈತಿ ಬೇಟಿ," ಎಂದಳು. "ಚಹಾ ಕುಡಿ."