'ಬಡವರು' ಎನ್ನದ ಅವ್ವ

ನಿಜಾಮರ ಆಡಳಿತ ಮುಗಿದ ಹೊಸದರಲ್ಲಿ ನನಗೆ ಗುಲಬರ್ಗಾದ ಕಾಲೇಜು ಸೇರುವ ಆಸೆ. ಬಡ ಹುಡುಗರ ಕಾಲೇಜು ಖರ್ಚಿಗೆ ಸರ್ಕಾರ ವಜೀಫಾ ಕೊಡುತ್ತದೆ ಎಂದು ಕೇಳಿ, ಸುರಪುರದ ಹತ್ತಿರದ ನಮ್ಮ ಹಳ್ಳಿಯಿಂದ ಅವ್ವನನ್ನು ಕರೆದುಕೊಂಡು ಯಾದಗಿರಿಯ ಕಚೇರಿಗೆ ಹೋದೆ. ಅಪ್ಪ ಇರಲಿಲ್ಲ, ಹಾಗಾಗಿ ಸಾಹೇಬರ ಮುಂದೆ ಅವ್ವನೇ ಹೇಳಿಕೆ ಕೊಡಬೇಕಿತ್ತು. "ಬಡವರದೀವಿ ಅನ್ನು, ಸಾಕು" ಎಂದು ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ.

"ಮನಿ ಪರಿಸ್ಥಿತಿ ಹ್ಯಾಂಗ ಅದವಾ?" ಎಂದು ಸಾಹೇಬರು ಕೇಳಿದರು.

ಅವ್ವ ಸೆರಗು ಸರಿಮಾಡಿಕೊಂಡಳು. "ಚೆಂದ ಅದರಿ. ಕುರಿ ಅವ, ಜ್ವಾಳ ಅದ. ಯಾರ ಮುಂದೂ ಕೈ ಒಡ್ಡಿಲ್ರಿ."

ಕಾಲೇಜು ಅಲ್ಲಿಗೇ ಮುಗಿಯಿತು ಅಂದುಕೊಂಡೆ.

"ಮತ್ತ ವಜೀಫಾ ಯಾಕ ಬೇಕು?"

"ಇಲ್ಲಿತನಕ ನಾ ಓದಿಸೀನ್ರಿ. ಓದು ಮುಗದ ಮ್ಯಾಲ ಇಂವ ನಿಮ್ಮ ಸರ್ಕಾರದ ಕೆಲಸಾನ ಮಾಡ್ತಾನ. ಅದಕ್ಕ ಸರ್ಕಾರನೂ ಒಂದೀಟು ಪಾಲು ಹಾಕಲಿ."

ಸಾಹೇಬರು ಅವಳ ತೇಪೆ ಹಾಕಿದ ಸೀರೆಯನ್ನು, ಬರಿಗಾಲನ್ನು ನೋಡಿದರು. "ಆಯ್ತವಾ, ನಾವೂ ಪಾಲು ಹಾಕ್ತೀವಿ" ಎಂದು ನಗುತ್ತ ಸಹಿ ಮಾಡಿದರು.

ಓದು ಮುಗಿದು ನನಗೆ ಸರ್ಕಾರಿ ನೌಕರಿಯೂ ಸಿಕ್ಕಿತು. ರಜೆ ಸಿಗದೆ ಊರಿಗೆ ತಡವಾಗಿ ಹೋದಾಗಲೆಲ್ಲ ಅವ್ವ ರೊಟ್ಟಿ ಬಡಿಯುತ್ತ, "ಇರಲಿ ಬಿಡು, ನಿನ್ನಾಗ ನನ್ನ ಪಾಲಿಗಿಂತ ಸರ್ಕಾರದ ಪಾಲು ಜಾಸ್ತಿ ಆಗ್ಯಾದ" ಎನ್ನುತ್ತಿದ್ದಳು.